ಮಳೆಗಾಲದ ಪಾಲಿಗೆ ಬಂದ ಫಿಯಟ್

ಅಪ್ಪನ ಆಸ್ತಿಯನ್ನು ಮಕ್ಕಳು ನಡುವೆ ಗೋಡೆ ಎಬ್ಬಿಸಿ ಹಂಚಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಕಾತ್ಯಾಯಿನಿ ಮತ್ತು ಅವರ ಅಣ್ಣ ಭಾರ್ಗವ ಒಂದು ಕಾರನ್ನು ಹಂಚಿಕೊಂಡರು. ಕಾರಿನ ನಡುವೆ ಗೋಡೆ ಎಬ್ಬಿಸಲು ಆಗುವುದಿಲ್ಲವಲ್ಲ, ಅದಕ್ಕೆ ವರ್ಷವನ್ನೇ ಎರಡು ಪಾಲು ಮಾಡಿದರು. ಯುಗಾದಿಯಿಂದ ಆಯುಧಪೂಜೆಯವರೆಗೆ ಕಾರು ಜಯನಗರದಲ್ಲಿ, ತಂಗಿಯ ಮನೆಯಲ್ಲಿ. ಆಯುಧಪೂಜೆಯಿಂದ ಮುಂದಿನ ಯುಗಾದಿಯವರೆಗೆ ಜೆ.ಪಿ. ನಗರದಲ್ಲಿ, ಅಣ್ಣನ ಅಪಾರ್ಟ್‌ಮೆಂಟಿನಲ್ಲಿ. ಕೇಳಿದರೆ ನ್ಯಾಯವಾಗಿಯೇ ಇದೆ ಅನ್ನಿಸುತ್ತದೆ. ಸ್ವಲ್ಪ ಕೂತು ಯೋಚಿಸಿ. ಅಣ್ಣನಿಗೆ ಚಳಿಗಾಲದ ಎಳೆಬಿಸಿಲು, ಒಣಗಿದ ರಸ್ತೆ, ಮದುವೆ ಮುಂಜಿ, ಹಳೇ ಕಾರಿನವರೆಲ್ಲ ಸಾಲಾಗಿ ಹೊರಡುವ ಭಾನುವಾರದ ಸವಾರಿ. ತಂಗಿಗೆ ಮೊದಲು ಕಾದ ಡಾಂಬರು, ಆಮೇಲೆ ಮಳೆ, ಕೆಸರು, ತುಕ್ಕು, ಇಲಿ.

ಈ ಹಂಚಿಕೆಗೆ ಕಾರಣ ಇಲ್ಲದಿರಲಿಲ್ಲ. ಭಾರ್ಗವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಜೋರು ಮಳೆ ಬಂದರೆ ನೀರು ನುಗ್ಗುತ್ತದೆ. ಜಯನಗರದ ಮನೆ ಅಪ್ಪ ಶಾಮಣ್ಣನವರು ಕಟ್ಟಿಸಿದ್ದು. ಅವರು ದೇವರ ಮನೆಗಿಂತ ಮೊದಲು ಗ್ಯಾರೇಜಿನ ನಕ್ಷೆ ಬರೆಸಿದವರು, ಅದರ ನೆಲವನ್ನು ರಸ್ತೆಗಿಂತ ಮಂಡಿಯೆತ್ತರ ಏರಿಸಿದವರು. ಆ ಮನೆಯಲ್ಲಿ ಈಗ ಇರುವವರು ಕಾತ್ಯಾಯಿನಿ. "ಮಳೆಗಾಲ ನಿನಗೇ ಇರ್ಲಿ" ಎಂದು ಅಣ್ಣ ದೊಡ್ಡ ಮನಸ್ಸು ಮಾಡಿದಾಗ ತಂಗಿ ತಕರಾರು ತೆಗೆಯಲಿಲ್ಲ. ಕಾರನ್ನು ನೋಡಿಕೊಳ್ಳುವ ತಿಂಗಳುಗಳೆಲ್ಲ ತನಗೇ ಬಂದವು ಎಂದು ಒಳಗೊಳಗೇ ಖುಷಿಪಟ್ಟರು. ಆರ್‌.ಸಿ.ಯಲ್ಲಿ ಮಾತ್ರ ಹಿರಿಯ ಮಗ ಎಂಬ ಲೆಕ್ಕದಲ್ಲಿ ಭಾರ್ಗವರ ಹೆಸರೊಂದೇ ಬಂತು.

ಕಾರು ಅರವತ್ತಾರರ ಫಿಯಟ್. ತಿಳಿ ಹಸಿರು ಬಣ್ಣ, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು. ಶಾಮಣ್ಣನವರು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸಿದರು. ಮಗಳ ಕೈಗೆ ಟಾರ್ಚ್ ಕೊಟ್ಟು ಕಾರಿನ ಕೆಳಗೆ ತಮ್ಮ ಪಕ್ಕ ಮಲಗಿಸಿಕೊಂಡರು. ಹೀಗಾಗಿ ಮಗ ಓಡಿಸುವುದನ್ನು ಕಲಿತ, ಮಗಳು ಕಾರನ್ನು ಕಲಿತಳು. ಓಡಿಸುವುದನ್ನು ಅವಳು ಆಮೇಲೆ ತಾನೇ ಹೋಗಿ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತುಕೊಂಡಳು, ಅಪ್ಪನಿಗೆ ವಿಷಯ ತಿಳಿದದ್ದು ಲೈಸೆನ್ಸ್ ಕೈಗೆ ಬಂದ ಮೇಲೆ.

ಕಾತ್ಯಾಯಿನಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಮದುವೆ ಆಗಲಿಲ್ಲ. ಅದರ ಬಗ್ಗೆ ಅವರಿಗೆ ಕೊರಗೂ ಇಲ್ಲ, ಹೇಳಿಕೊಳ್ಳಲು ಕಥೆಯೂ ಇಲ್ಲ. ದನಿ ಸ್ವಲ್ಪ ಜೋರು, ನಡಿಗೆ ಅದಕ್ಕಿಂತ ಜೋರು. ತರಕಾರಿಯವನಿಗೆ ಸೊಪ್ಪು ಹೇಗೆ ಜೋಡಿಸಬೇಕೆಂದು ಹೇಳುತ್ತಾರೆ, ಡಾಕ್ಟರಿಗೆ ತಮಗೆ ಏನು ಬಂದಿದೆಯೆಂದು ಹೇಳುತ್ತಾರೆ. ಹೇಳಿದ್ದು ಸರಿಯಾಗಿಯೇ ಇರುತ್ತದೆ ಎನ್ನುವುದೇ ಅವರ ಜೊತೆ ಬಾಳುವವರ ಕಷ್ಟ.

ಯುಗಾದಿಯ ಮಾರನೇ ದಿನವೇ ಅವರ ಕೆಲಸ ಶುರು. ಮೊದಲು ರೇಡಿಯೇಟರ್. ಹಳೇ ನೀರು ಬಸಿದು, ಪೈಪು ಹಚ್ಚಿ, ಹೊರಗೆ ಬರುವ ನೀರು ತಿಳಿಯಾಗುವವರೆಗೆ ತೊಳೆಯುತ್ತಾರೆ. ರಬ್ಬರ್ ಹೋಸುಗಳನ್ನು ಬೆರಳಲ್ಲಿ ಹಿಚುಕಿ ನೋಡಿ, ಮೆತ್ತಗಾಗಿದ್ದರೆ ಬದಲಿಸುತ್ತಾರೆ. ಫ್ಯಾನ್ ಬೆಲ್ಟು ಹೆಬ್ಬೆರಳಿಗೆ ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಬೇಕು. ಏಪ್ರಿಲ್ ಬಿಸಿಲಲ್ಲಿ ಕಾರು ಆಚೆ ತೆಗೆದರೆ ಸೀಟಿನ ಕೆಳಗೆ ಒಂದು ಹಳೇ ಟವೆಲ್ಲು, ನೀರಿನ ಕ್ಯಾನು ಇರಲೇಬೇಕು. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಇಂಜಿನ್ ಕಾದರೆ ಪೆಟ್ರೋಲು ದಾರಿಯಲ್ಲೇ ಆವಿಯಾಗಿ ಕಾರು ಮುಷ್ಕರ ಹೂಡುತ್ತದೆ. ಆಗ ಇಂಜಿನ್ನಿಗೆ ಪೆಟ್ರೋಲು ಎಳೆದುಕೊಡುವ ಪುಟ್ಟ ಪಂಪಿನ ಮೇಲೆ ಒದ್ದೆ ಟವೆಲ್ಲು ಹಾಕಿ, ಜ್ವರ ಬಂದ ಮಗುವಿನ ಹಣೆಗೆ ಹಾಕಿದ ಹಾಗೆ, ಸ್ವಲ್ಪ ಕಾಯಬೇಕು. ಹಿಂದಿನವರು ಹಾರ್ನ್ ಮಾಡಿದರೆ ಮಾಡಿಕೊಳ್ಳಲಿ.

ಮೊದಲ ಗುಡುಗು ಕೇಳಿದೊಡನೆ ಮಳೆಗಾಲದ ತಯಾರಿ. ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ, ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಕಾತ್ಯಾಯಿನಿ ತೆಂಗಿನ ಪೊರಕೆಯಿಂದ ಕಡ್ಡಿ ಮುರಿದು, ನೆಲದ ಮೇಲೆ ಗೋಣಿ ಹಾಸಿಕೊಂಡು ಕೂತು, ಒಂದೊಂದೇ ತೂತು ಬಿಡಿಸುತ್ತಾರೆ. ಬಾಗಿಲಿನ ರಬ್ಬರಿಗೆ ಗ್ಲಿಸರಿನ್, ತಳಕ್ಕೆ ಗ್ರೀಸು, ಡಿಕ್ಕಿಯಲ್ಲಿ ನುಸಿಗುಳಿಗೆ. ಮಳೆ ಬಿಟ್ಟು ಬಿಸಿಲು ಇಣುಕಿದರೆ ನಾಲ್ಕೂ ಬಾಗಿಲು ತೆರೆದಿಟ್ಟು ಸೀಟುಗಳಿಗೆ ಗಾಳಿ ಆಡಿಸುತ್ತಾರೆ. ಇಂಜಿನ್ ಬಿಚ್ಚುವಂಥ ದೊಡ್ಡ ರಿಪೇರಿ ಬಂದರೆ ಮಾತ್ರ ವಿಲ್ಸನ್ ಗಾರ್ಡನ್‌ನಿಂದ ಚಲುವರಾಜು ಬರುತ್ತಾರೆ. ಶಾಮಣ್ಣನವರ ಕಾಲದಿಂದಲೂ ಅವರೇ ಈ ಕಾರಿನ ಮೆಕ್ಯಾನಿಕ್ಕು. ಬಂದವರು ಕಾತ್ಯಾಯಿನಿ ಹೇಳಿದ್ದನ್ನು ಮಾಡಿ, ಕಾಫಿ ಕುಡಿದು ಹೋಗುತ್ತಾರೆ.

ಇನ್ನು ಮಹಾಲಯ ಅಮಾವಾಸ್ಯೆ ಕಳೆಯಿತೋ, ಮೇಣದ ಕೆಲಸ. ಇದು ಶಾಮಣ್ಣನವರು ಮಾಡಿಟ್ಟ ನಿಯಮ. ಆಯುಧಪೂಜೆಯ ದಿನ ಕಾರಿಗೆ ಒದ್ದೆ ಕುಂಕುಮ, ಅರಿಶಿನ, ವಿಭೂತಿ ಎಲ್ಲ ಬೀಳುತ್ತದೆ. ಹಳೇ ಪೇಂಟಿಗೆ ಕುಂಕುಮ ಹತ್ತಿತೆಂದರೆ ಜನ್ಮದಲ್ಲಿ ಬಿಡುವುದಿಲ್ಲ. ಆದ್ದರಿಂದ ಪೂಜೆಗೆ ಮುಂಚೆ ಇಡೀ ಕಾರಿಗೆ ಮೇಣ ಸವರಿ ಉಜ್ಜಿರಬೇಕು, ಆಗ ಮಾರನೇ ದಿನ ಒರೆಸಿದರೆ ಕುಂಕುಮ ಬಂದುಬಿಡುತ್ತದೆ. ಬೇರೆಯವರ ಕಾರುಗಳ ಬಾನೆಟ್ಟಿನ ಮೇಲೆ ವರ್ಷವಿಡೀ ಉಳಿಯುವ ಕೆಂಪು ಕಲೆ ಕಂಡರೆ ಕಾತ್ಯಾಯಿನಿಗೆ ಮೈ ಉರಿಯುತ್ತದೆ.

ಇಷ್ಟೆಲ್ಲ ಮಾಡಿದ ಕಾರನ್ನು ಹಬ್ಬದ ದಿನ ಪೂಜೆ ಮುಗಿಸಿ ಅಣ್ಣನ ಕೈಗೆ ಕೊಡುವುದು ರೂಢಿ. ಭಾರ್ಗವ ಬಿಳಿ ಪಂಚೆ, ಜರಿ ಶಲ್ಯದಲ್ಲಿ ಬಂದು, ಡ್ರೈವರ್ ಸೀಟಿನಲ್ಲಿ ಕೂತು, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೆ.ಪಿ. ನಗರಕ್ಕೆ ಓಡಿಸಿಕೊಂಡು ಹೋಗುತ್ತಾರೆ. ಅಲ್ಲಿ ಅತ್ತಿಗೆ ಗಿರಿಜಾದೇವಿ ಆರತಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿರುತ್ತಾರೆ, ಅಪಾರ್ಟ್‌ಮೆಂಟಿನವರೆಲ್ಲ ಫೋಟೊ ತೆಗೆಯಲು ಸೇರಿರುತ್ತಾರೆ. ಯುಗಾದಿಗೆ ಅದೇ ಕಾರು ಧೂಳು ಹಿಡಿದು ವಾಪಸ್ಸು ಬರುತ್ತದೆ, ಈ ಯುಗಾದಿಗಂತೂ ಬ್ಯಾಟರಿ ಸತ್ತು, ಟೈರು ಕುಗ್ಗಿ ಬಂದಿತ್ತು. ಕಾತ್ಯಾಯಿನಿ ಪ್ರತಿ ವರ್ಷ ಅಣ್ಣನಿಗೆ ಸಹಸ್ರನಾಮ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಈ ವರ್ಷ ಗೌರಿ ಹಬ್ಬಕ್ಕೆ ತಂಗಿಗೆ ಸೀರೆ ತಂದುಕೊಟ್ಟ ಭಾರ್ಗವ, ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತು ತೆಗೆದರು.

"ಕಾತು, ಈ ಸಲ ಆಯುಧಪೂಜೆ ಆದ್ಮೇಲೆ ಗಾಡೀನ ಬದರಿನಾಥ್ ಅವ್ರಿಗೆ ಕೊಡ್ತಿದೀನಿ."

"ಕೊಡೋದು ಅಂದ್ರೆ?"

"ಮಾರ್ತಿಲ್ಲ ಕಣೇ. ಕನಕಪುರ ರೋಡಲ್ಲಿ ರೆಸಾರ್ಟ್ ಮಾಡಿದಾರೆ. ಅಲ್ಲಿ ಲಾಬೀಲಿ ಇಡ್ತಾರಂತೆ. ಅಪ್ಪನ ಹೆಸರು ಹಾಕಿ ಬೋರ್ಡ್ ಬರೆಸ್ತಾರೆ, ದಿನಾ ಒರೆಸ್ತಾರೆ. ಮಳೆ ಇಲ್ಲ, ಬಿಸಿಲಿಲ್ಲ. ಆರಾಮಾಗಿರುತ್ತೆ."

"ಓಡ್ಸೋದು ಯಾರು?"

"ಓಡ್ಸೋದೇನು ಬಂತು? ನೋಡೋಕೆ ಇಡೋದು."

ಕಾತ್ಯಾಯಿನಿ ಆ ಸಂಜೆಯೇ ಬದರಿನಾಥರಿಗೆ ಫೋನ್ ಹಚ್ಚಿದರು. ಬಹಳ ಮರ್ಯಾದಸ್ಥ ಮನುಷ್ಯ. ಮೇಡಂ ಮೇಡಂ ಎನ್ನುತ್ತಲೇ ಎಲ್ಲ ವಿವರಿಸಿದರು. "ಇಂಜಿನ್ ತೆಗೆದುಬಿಡ್ತೀವಿ ಮೇಡಂ. ಎಣ್ಣೆ ತೊಟ್ಟಿಕ್ಕಿದ್ರೆ ಮಾರ್ಬಲ್ ಹಾಳಾಗುತ್ತಲ್ಲ. ಒಳಗಡೆ ಲೈಟ್ ಹಾಕಿಸ್ತೀವಿ, ಸಖತ್ತಾಗಿ ಕಾಣುತ್ತೆ. ಗೆಸ್ಟುಗಳು ಕೂತ್ಕೊಂಡು ಸೆಲ್ಫಿ ತಗೋಬಹುದು." ಫೋನ್ ಇಟ್ಟ ಮೇಲೆ ಕಾತ್ಯಾಯಿನಿ ಬಹಳ ಹೊತ್ತು ಗ್ಯಾರೇಜಿನಲ್ಲಿ ನಿಂತಿದ್ದರು. ಅವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಂಜಿನ್ ಕಿತ್ತ ಕಾರು ಅವರ ಕಣ್ಣಿಗೆ ಸತ್ತ ಕಾರೇ.

ಮುಂದಿನ ವಾರಗಳಲ್ಲಿ ಅಣ್ಣ ತಂಗಿಯ ನಡುವೆ ಫೋನಿನಲ್ಲಿ ನಡೆದ ಯುದ್ಧವನ್ನು ಪೂರ್ತಿ ಬರೆದರೆ ಓದುವವರಿಗೆ ತಲೆನೋವು. ಕಾತ್ಯಾಯಿನಿ ಎಲ್ಲ ಅಸ್ತ್ರ ಬಿಟ್ಟರು. "ವಯಸ್ಸಾಯ್ತು ಕಣೇ, ಇನ್ನು ಯಾರು ನೋಡ್ಕೋತಾರೆ" ಎಂದು ಭಾರ್ಗವ ಅಂದರೆ "ನಾನು ಸತ್ತೋಗಿದೀನಾ?" ಎಂದರು. ಕೊನೆಗೆ ಭಾರ್ಗವ ಒಂದೇ ಮಾತಿಗೆ ಗಟ್ಟಿಯಾಗಿ ನಿಂತರು. "ನಿನ್ನ ಆರು ತಿಂಗಳಲ್ಲಿ ನಾನು ಯಾವತ್ತಾದ್ರೂ ತಲೆ ಹಾಕಿದೀನಾ? ನನ್ನ ಆರು ತಿಂಗಳು ಶುರುವಾದ್ಮೇಲೆ ನಂದೇ ಮಾತು. ಹಬ್ಬದ ದಿನ ಮಧ್ಯಾಹ್ನ ಬದರಿನಾಥ್ ಲಾರಿ ತಗೊಂಡು ನಮ್ಮ ಗೇಟಿಗೆ ಬರ್ತಾರೆ. ಮುಗೀತು." ಕಾತ್ಯಾಯಿನಿ ಫೋನ್ ಕುಕ್ಕಿದರು.

ಆದರೆ ಧೈರ್ಯ ಎಲ್ಲಿ ಹೋಗುತ್ತದೆ? ಅವರೊಂದು ಲೆಕ್ಕ ಹಾಕಿದರು. ಜಯನಗರದಿಂದ ಜೆ.ಪಿ. ನಗರಕ್ಕೆ ಕೊನೆಯ ಸಲ ಓಡಿಸುವವನು ಅಣ್ಣನೇ ತಾನೆ? ಓಡಿಸಲಿ. ಕಾರು ಎಷ್ಟು ಚೆನ್ನಾಗಿ ಓಡಬೇಕೆಂದರೆ ಅವನಿಗೆ ಕೀ ಕೊಡಲು ಕೈಯೇ ಬರಬಾರದು. "ಸ್ಟೀರಿಂಗ್ ಹಿಡಿದ್ಮೇಲೆ ಅವನು ಕೊಡಲ್ಲ ರೀ" ಎಂದು ಕಾತ್ಯಾಯಿನಿ ಚಲುವರಾಜುಗೆ ಹೇಳಿದರು. "ನಂಗೊತ್ತು ನಮ್ಮಣ್ಣ." ಚಲುವರಾಜು ತಲೆ ಕೆರೆದುಕೊಂಡು, ಹೇಳಿದ ಹಾಗೆ ಇಂಜಿನ್ನಿನ ಕಟಕಟ ನಿಲ್ಲುವಂತೆ ಟ್ಯಾಪೆಟ್ ಸರಿಮಾಡಿ, ಕಾರ್ಬೊರೇಟರ್ ಬಿಚ್ಚಿ ತೊಳೆದು, ಬ್ರೇಕ್ ಹೊಂದಿಸಿ ಹೋದರು. ಇಂಜಿನ್ ಎಂಥ ಹದಕ್ಕೆ ಬಂತೆಂದರೆ ಬಾನೆಟ್ಟಿನ ಮೇಲೆ ಕಾಫಿ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ. ಮೇಣವನ್ನು ಎರಡು ಸಲ ಹಾಕಿದರು.

ಹಬ್ಬದ ದಿನ ಬೆಳಿಗ್ಗೆ ಕಾತ್ಯಾಯಿನಿ ಅಲಂಕಾರಕ್ಕೆ ಕೂತರು. ಪ್ರತಿ ವರ್ಷ ಬಂಪರಿನ ಎರಡು ತುದಿಗೆ ಎರಡು ಪುಟ್ಟ ಬಾಳೆಕಂದು, ಬಾನೆಟ್ಟಿಗೆ ಒಂದು ಮಾರು ಹೂವು, ಅಷ್ಟೇ. ಈ ಸಲ ಕೈ ನಿಲ್ಲಲಿಲ್ಲ. ಸಾರಕ್ಕಿ ಮಾರ್ಕೆಟ್ಟಿನಿಂದ ಸೇವಂತಿಗೆಯ ದಪ್ಪ ಹಾರ ತಂದಿದ್ದರು, ಚೆಂಡುಹೂವಿನ ದಿಂಡು ತಂದಿದ್ದರು. ಮುಂದಿನ ಜಾಲರಿಗೆ ಮೇಲಿಂದ ಕೆಳಗಿನವರೆಗೆ ಸಾಲು ಸಾಲಾಗಿ ಹೂವು ಕಟ್ಟಿದರು. ಆಳೆತ್ತರದ ಬಾಳೆಕಂದುಗಳ ಎಲೆಗಳು ಎರಡೂ ಕಡೆಯಿಂದ ಬಾಗಿ ಜಾಲರಿಯ ಮುಂದೆ ಒಂದನ್ನೊಂದು ಮುಟ್ಟಿದವು. ದಾರಿಹೋಕರು ನಿಂತು ನೋಡಿದರು. ಭಾರ್ಗವ ಬಂದವರೇ ಗೇಟಿನಲ್ಲೇ ನಿಂತು, "ಮದ್ವೆ ಹೆಣ್ಣು ಮಾಡಿಬಿಟ್ಟಿದೀಯಲ್ಲೇ" ಎಂದರು. ಅವರು ಬಂದು ಬಾನೆಟ್ಟನ್ನು ಅಂಗೈಯಿಂದ ಸವರಿದ್ದು ಕಾತ್ಯಾಯಿನಿಯ ಕಣ್ಣಿಗೆ ಬಿತ್ತು. ಅರ್ಧ ಗೆದ್ದೆ ಎಂದುಕೊಂಡರು.

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ ಹೊರಟರು. ಕಾರು ಮೊದಲ ಎಳೆತಕ್ಕೇ ಹತ್ತಿಕೊಂಡಿತು. ಕಾತ್ಯಾಯಿನಿ ಪಕ್ಕದಲ್ಲಿ ಕೂತು ಇಂಜಿನ್ ಸದ್ದಿಗೆ ಕಿವಿ ಕೊಟ್ಟು, ಆಗಾಗ ಅಣ್ಣನ ಮುಖ ನೋಡುತ್ತಿದ್ದರು. ಮುಖದಲ್ಲಿ ಆನಂದ ಕಾಣಬೇಕಿತ್ತು. ಬೆವರು ಕಂಡಿತು. ಅಕ್ಟೋಬರ್ ಸೆಖೆ ಎಂದುಕೊಂಡು ಕಿಟಕಿ ಗಾಜು ಇನ್ನಷ್ಟು ಇಳಿಸಿದರು. ಸಾರಕ್ಕಿ ಸಿಗ್ನಲ್ ಹತ್ತಿರ ರಸ್ತೆಯೇ ಹೆಪ್ಪುಗಟ್ಟಿತ್ತು. ಹೂವು ಮುಡಿದ ಆಟೋ, ಹೂವು ಮುಡಿದ ಬಸ್ಸು, ಹೂವು ಮುಡಿದ ನೀರಿನ ಟ್ಯಾಂಕರು, ಎಲ್ಲರ ಚಕ್ರದಡಿ ಒಡೆದ ಕುಂಬಳಕಾಯಿ. ಇದ್ದಲ್ಲೇ ನಿಂತು ಹೊಗೆ ಉಗುಳುತ್ತಿದ್ದ ಸಂತೆಯಲ್ಲಿ ಫಿಯಟ್ಟಿನ ಟೆಂಪರೇಚರ್ ಮುಳ್ಳು ಮೆಲ್ಲಗೆ ಏರತೊಡಗಿತು.

ಕಾತ್ಯಾಯಿನಿ ಮುಳ್ಳನ್ನು ನೋಡಿದರು, ನಂಬಲಿಲ್ಲ. ರೇಡಿಯೇಟರ್ ತೊಳೆದದ್ದು ತಾವೇ. ಬೆಲ್ಟು ನೋಡಿದ್ದು ತಾವೇ. ಅಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಬಿಳಿ ಹಬೆ ಎದ್ದು, ಸೇವಂತಿಗೆ ಹಾರದ ಮೇಲೆ ಹಾದು ಗಾಜಿಗೆ ಬಡಿಯಿತು. ಭಾರ್ಗವ ಕೀ ತಿರುಗಿಸಿ ಇಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಎರಡೂ ಕೈ ಊರಿ ಕೂತುಬಿಟ್ಟರು.

"ನೋಡ್ದ್ಯಾ? ಇದಕ್ಕೇ ಹೇಳಿದ್ದು. ಆಯ್ತು ಇದರ ಕಾಲ."

ಕಾತ್ಯಾಯಿನಿ ಇಳಿದರು. ಹಿಂದಿನ ಆಟೋದವನೂ ಬಸ್ಸಿನ ಕಂಡಕ್ಟರೂ ಇಳಿದು ಬಂದು ಕಾರನ್ನು ಮೆಟ್ರೊ ಕಂಬದ ನೆರಳಿಗೆ ತಳ್ಳಿಕೊಟ್ಟರು. "ಕ್ಯಾಪ್ ಬಿಚ್ಬಿಡಿ ಆಂಟಿ, ನೀರು ಹುಯ್ಯಿ" ಎಂದು ಕೈ ಹಾಕಲು ಹೋದ ಆಟೋದವನನ್ನು ಕಾತ್ಯಾಯಿನಿ ಒಂದೇ ಗದರಿಕೆಗೆ ಹಿಂದೆ ಸರಿಸಿದರು. ಕುದಿಯುವಾಗ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ, ತಣ್ಣನೆ ನೀರು ಸುರಿದರೆ ಇಂಜಿನ್ ಬಿರಿಯುತ್ತದೆ. ಆಮೇಲೆ ಬಗ್ಗಿ ಜಾಲರಿ ನೋಡಿದರು. ನೋಡಿದ ಕೂಡಲೇ ತಿಳಿಯಿತು.

ಜಾಲರಿ ಎಲ್ಲಿದೆ? ಹೂವಿನ ಗೋಡೆ ಇದೆ. ಗಾಳಿ ಒಳಹೋಗಲು ಒಂದು ಬೆರಳು ಜಾಗ ಬಿಟ್ಟಿರಲಿಲ್ಲ. ಫ್ಯಾನು ಎಳೆದ ರಭಸಕ್ಕೆ ಎಸಳುಗಳು ಕಿತ್ತುಬಂದು ರೇಡಿಯೇಟರಿಗೆ ಅಂಟಿ, ಬೆಂದು, ಪಲ್ಯವಾಗಿದ್ದವು. ಅದರ ಮೇಲೆ ಬಾಳೆಯೆಲೆಯ ಹೊದಿಕೆ ಬೇರೆ. ಬೇಸಿಗೆಯಲ್ಲಿ ಜಾಲರಿಯ ಮುಂದೆ ಒಂದು ಒಣಗಿದ ಎಲೆ ಕಂಡರೂ ತೆಗೆದೆಸೆಯುವ ಕಾತ್ಯಾಯಿನಿ, ಊರಿಗೆಲ್ಲ ಬುದ್ಧಿ ಹೇಳುವ ಕಾತ್ಯಾಯಿನಿ, ತಮ್ಮ ಕೈಯಾರೆ ಕಾರಿನ ಮೂಗು ಮುಚ್ಚಿ ಕಟ್ಟಿದ್ದರು. ಅದೂ ಇಂಥ ದಿನ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

ಸುಮ್ಮನೆ ಹೂವು ಕಿತ್ತು ಹಾಕಿ, "ಟ್ರಾಫಿಕ್ ಜಾಸ್ತಿ ಆಯ್ತು" ಅಂದಿದ್ದರೆ ಆಗುತ್ತಿತ್ತು. ಅವರು ಕಿಟಕಿಯ ಹತ್ತಿರ ಬಂದು ನೇರವಾಗಿ ಹೇಳಿದರು.

"ಅಣ್ಣ, ತಪ್ಪು ನಂದು. ಗಾಡೀದಲ್ಲ. ಜಂಬಕ್ಕೆ ಹೂವು ತುರುಕಿ ಗಾಳಿ ನಿಲ್ಲಿಸಿಬಿಟ್ಟಿದೀನಿ. ಗಾಡಿಗೆ ಏನೂ ಆಗಿಲ್ಲ. ಅದನ್ನ ಬಯ್ಬೇಡ, ನನ್ನ ಬಯ್ಯಿ."

ಭಾರ್ಗವ ಬಯ್ಯಲಿಲ್ಲ. ಇಳಿಯಲೂ ಇಲ್ಲ. ಕಾತ್ಯಾಯಿನಿ ಹಾರಗಳನ್ನು ಕಿತ್ತು, ಬಾಳೆಕಂದುಗಳ ದಾರ ಹಲ್ಲಿನಿಂದ ಕಡಿದು, ಕಂಬದ ಬುಡದಲ್ಲಿ ರಾಶಿ ಹಾಕಿದರು. ಎಲ್ಲಿಂದಲೋ ಬಂದ ಹಸು ಅದಕ್ಕೆ ಬಾಯಿ ಹಾಕಿತು. ರೇಡಿಯೇಟರಿನ ಎಸಳುಗಳನ್ನು ಸೆರಗಿನ ತುದಿಯಿಂದ ಒರೆಸಿ ತೆಗೆದರು. ಇನ್ನು ತಣಿಯುವವರೆಗೆ ಕಾಯುವುದೊಂದೇ ಕೆಲಸ. ಬಂದು ಅಣ್ಣನ ಪಕ್ಕ ಕೂತರು. ಆಗ ಅವರ ಕಣ್ಣಿಗೆ ಬಿದ್ದದ್ದು ಭಾರ್ಗವರ ಎಡಗಾಲು. ಪಂಚೆಯ ಕೆಳಗೆ ಅದು ಗಡಗಡ ನಡುಗುತ್ತಿತ್ತು.

"ಏನಾಯ್ತೋ?"

"ಏನಿಲ್ಲ."

"ಅಣ್ಣ."

ಭಾರ್ಗವ ಗಾಜಿನಾಚೆ ನೋಡುತ್ತಲೇ ಮಾತಾಡಿದರು. "ಕ್ಲಚ್ ಒತ್ತೋಕಾಗಲ್ಲ ಕಣೇ ನಂಗೆ. ಮಂಡಿ ಹಿಡ್ಕೊಳುತ್ತೆ. ಹೋದ ವರ್ಷ ಹಬ್ಬದ ದಿನ ನಿನ್ನ ಇಳಿಸಿ ಗಾಡೀನ ಬೇಸ್‌ಮೆಂಟಿಗೆ ಇಳಿಸ್ಬೇಕಾದ್ರೆ ಕಾಲು ಜಾರ್ತು. ಗಾಡಿ ಮುಂದಕ್ಕೆ ನುಗ್ತು. ಎದುರಿಗೆ ಆ ಥರ್ಡ್ ಫ್ಲೋರ್ ಹುಡುಗಿ, ಎಳೇ ಮಗು ಎತ್ಕೊಂಡು ನಿಂತಿದ್ಲು. ಒಂದು ಗೇಣು. ಅಷ್ಟೇ. ಅವ್ಳು ನಕ್ಬಿಟ್ಟು 'ಹ್ಯಾಪಿ ದಸರಾ ಅಂಕಲ್' ಅಂದ್ಲು. ಅವ್ಳಿಗೆ ಗೊತ್ತೇ ಆಗ್ಲಿಲ್ಲ."

"ಆಮೇಲೆ?"

"ಆಮೇಲೆ ಓಡ್ಸೇ ಇಲ್ಲ. ಭಾನುವಾರ ಕೆಳಗಿಳಿದು, ಕವರ್ ತೆಗೆದು, ಒಳಗೆ ಕೂತಿದ್ದು ಮೇಲಕ್ಕೆ ಬರ್ತಿದ್ದೆ. ಗಿರಿಜಾಗೆ ಒಂದು ರೌಂಡ್ ಹೋಗಿದ್ದೆ ಅಂತಿದ್ದೆ. ಭಾನುವಾರದ ಸವಾರಿ ಅಂತ ನಿಂಗೆ ಕಳಿಸಿದ ಫೋಟೊ ಎಲ್ಲ ಹಳೇವು."

ಕಾತ್ಯಾಯಿನಿ ಒಂದೊಂದೇ ನೆನೆದರು. ಸತ್ತ ಬ್ಯಾಟರಿ, ಕುಗ್ಗಿದ ಟೈರು, ಈ ಯುಗಾದಿಗೆ ಅವನು ತಾನು ಬರದೆ ಬಾಡಿಗೆ ಡ್ರೈವರ್ ಕೈಯಲ್ಲಿ ಕಾರು ಕಳಿಸಿದ್ದು. ಎಲ್ಲವನ್ನೂ ಕಂಡಿದ್ದರು, ಎಲ್ಲಕ್ಕೂ ಸೋಮಾರಿ ಎಂಬ ಒಂದೇ ಬೈಗುಳ ಅಂಟಿಸಿದ್ದರು. ಎಕ್ಸ್‌ಚೇಂಜಿನಲ್ಲಿ ತಂತಿಯ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ ಹೆಂಗಸು, ಟ್ಯಾಪೆಟ್ಟಿನ ಕಟಕಟ ದೂರದಿಂದಲೇ ಗುರುತಿಸುವ ಹೆಂಗಸು, ಅಣ್ಣ ಹೆದರಿದ್ದನ್ನು ಗುರುತಿಸಲಿಲ್ಲ. ಅವರಿಗೆ ತಮ್ಮ ಮೇಲೆ ಬೇಸರವಾಯಿತು, ಅವನ ಮೇಲೆ ಕನಿಕರವಾಯಿತು, ಎರಡೂ ಸೇರಿ ಸಿಟ್ಟಾಗಿ ಹೊರಗೆ ಬಂತು.

"ನಂಗೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಏನಂತಿದ್ದೆ?"

"ಹಾಗಾದ್ರೆ ನಾನೇ ಓಡಿಸ್ತೀನಿ ಬಿಡು ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ." ಭಾರ್ಗವ ಕಣ್ಣೊರೆಸಿಕೊಂಡರು. "ನಾನು ಬದುಕಿರ್ಬೇಕಾದ್ರೆ ಇದರಲ್ಲಿ ಎಡಗಡೆ ಕೂರೋದು ನಂಗಿಷ್ಟ ಇರ್ಲಿಲ್ಲ. ನಂಗಾಗದೆ ಇದ್ಮೇಲೆ ಎಲ್ಲಾದ್ರೂ ದೂರ ಹೋಗ್ಲಿ, ಕಣ್ಣಿಗೆ ಬೀಳೋದೇ ಬೇಡ ಅನ್ನಿಸ್ತು. ಸಣ್ಣ ಬುದ್ಧಿ. ನಂಗೊತ್ತು."

"ಸಣ್ಣದೇ" ಎಂದರು ಕಾತ್ಯಾಯಿನಿ. ಸುಳ್ಳು ಸಮಾಧಾನ ಹೇಳುವುದು ಅವರ ಜಾಯಮಾನವಲ್ಲ. ಆದರೆ ಕೈ ಚಾಚಿ ಅಣ್ಣನ ಮಂಡಿಯ ಮೇಲೆ ಇಟ್ಟು, ನಡುಕ ನಿಲ್ಲುವವರೆಗೆ ಹಾಗೇ ಒತ್ತಿ ಹಿಡಿದುಕೊಂಡರು. ಹೊರಗೆ ಸಿಗ್ನಲ್ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಯಿತು.

ಕಾರು ತಣಿಯಿತು. ಕಾತ್ಯಾಯಿನಿ ಬಟ್ಟೆ ಸುತ್ತಿ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿ, ಇಂಜಿನ್ ಚಾಲೂ ಮಾಡಿ, ಕ್ಯಾನಿನಿಂದ ಸ್ವಲ್ಪ ಸ್ವಲ್ಪವೇ ನೀರು ತುಂಬಿದರು. ಬಾನೆಟ್ ಮುಚ್ಚಿ ತಿರುಗಿದರೆ ಭಾರ್ಗವ ಡ್ರೈವರ್ ಸೀಟಿನಿಂದ ಸರಿದು ಎಡಗಡೆ ಕೂತಿದ್ದರು. ಉದ್ದಕ್ಕೆ ಒಂದೇ ಸೀಟು, ಸರಿಯಲು ಇಳಿಯಬೇಕಾಗಿಯೂ ಇರಲಿಲ್ಲ. ಕಾತ್ಯಾಯಿನಿ ಸ್ಟೀರಿಂಗ್ ಮುಂದೆ ಹತ್ತಿ ಕೂತರು.

"ವಾಪಸ್ ಮನೆಗೆ ತಿರುಗಿಸ್ಲಾ?" ಎಂದು ಕೇಳಿದರು. "ನಿಮ್ಮನೆ ಗೇಟಲ್ಲಿ ಎಲ್ಲಾ ಸೇರಿರ್ತಾರೆ. ನೀನು ಈ ಕಡೆ ಕೂತಿರೋದು ನೋಡಿದ್ರೆ ಕೇಳ್ತಾರೆ. ಬದರಿನಾಥ್‌ಗೆ ಫೋನಲ್ಲೇ ಹೇಳಿದ್ರಾಯ್ತು."

ಭಾರ್ಗವ ಶಲ್ಯ ಸರಿಮಾಡಿಕೊಂಡರು. "ಬೇಡ. ಜೆ.ಪಿ. ನಗರಕ್ಕೇ ನಡಿ. ಗಿರಿಜಾ ಆರತಿ ಇಟ್ಕೊಂಡು ಕಾಯ್ತಿರ್ತಾಳೆ. ನೋಡೋರು ನೋಡ್ಲಿ."

ಹೂವಿಲ್ಲದ ಫಿಯಟ್ಟು ಸಿಗ್ನಲ್ ದಾಟಿತು. ಮುಳ್ಳು ಅಲುಗಾಡಲಿಲ್ಲ. ಅಣ್ಣ ಎಡಗಡೆಯಿಂದ "ಸೆಕೆಂಡಿಗೆ ಹಾಕು", "ಆ ಬೈಕ್ ನೋಡ್ಕೋ" ಎನ್ನುತ್ತಿದ್ದರು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಕಾತ್ಯಾಯಿನಿ ನಡುರಸ್ತೆಯಲ್ಲಿ ಇಳಿಸಿ ಹೋಗುತ್ತಿದ್ದರು. ಇವತ್ತು ಎಲ್ಲಕ್ಕೂ "ಹೂಂ" ಎಂದರು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಜನ ಸೇರಿದ್ದರು. ಪಕ್ಕದಲ್ಲೇ ಕಾರು ಹೊರುವ ಲಾರಿ, ಅದರ ಮುಂದೆ ರೇಷ್ಮೆ ಜುಬ್ಬಾದಲ್ಲಿ ಬದರಿನಾಥರು. ಕಾರು ನಿಂತಿತು. ಮೊಬೈಲುಗಳು ಮೇಲೆದ್ದವು, ಡ್ರೈವರ್ ಸೀಟು ನೋಡಿ ಅರ್ಧಕ್ಕೆ ನಿಂತವು. ಗಿರಿಜಾದೇವಿ ಆರತಿ ತಟ್ಟೆ ಹಿಡಿದುಕೊಂಡೇ ಒಮ್ಮೆ ಗಂಡನ ಮುಖ, ಒಮ್ಮೆ ನಾದಿನಿಯ ಮುಖ ನೋಡಿ, ದೊಡ್ಡದಾಗಿ ಉಸಿರು ಬಿಟ್ಟರು. ಅವರಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ಕಾತ್ಯಾಯಿನಿಗೆ ಆಗ ಹೊಳೆಯಿತು.

ಎದುರುಮನೆಯ ಚೂಡಾಮಣಿ ಎಂಬ ಹಿರಿಯರು ಕೇಳಿಯೇಬಿಟ್ಟರು. "ಯಾಕೆ ಭಾರ್ಗವ್ ಸಾರ್, ಇವತ್ತು ನೀವು ಓಡಿಸ್ಲಿಲ್ವಾ?"

ಭಾರ್ಗವ ಬಾಗಿಲು ತೆರೆದು, ಚೌಕಟ್ಟು ಹಿಡಿದು ನಿಧಾನವಾಗಿ ಇಳಿದು ನಿಂತರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಈ ಗಾಡಿ ಓಡ್ತಿರೋದೇ ಇವಳಿಂದ. ನಾನು ಸುಮ್ನೆ ಸ್ಟೀರಿಂಗ್ ಹಿಡ್ಕೊಂಡಿರ್ತಿದ್ದೆ."

ಆರತಿ ಆಯಿತು. ಬದರಿನಾಥರು ಕೈಮುಗಿದು ಮುಂದೆ ಬಂದು, "ಕೀ ಕೊಡ್ತೀರಾ ಸಾರ್? ಹುಡುಗರು ಲೋಡ್ ಮಾಡ್ತಾರೆ" ಎಂದರು. ಭಾರ್ಗವ ಕಾರಿನ ಕಡೆ ಕೈ ತೋರಿಸಿದರು. "ಕೀ ಅವಳ ಹತ್ರ ಇದೆ. ಅವಳನ್ನೇ ಕೇಳಿ."

ಬದರಿನಾಥರು ಕಿಟಕಿಗೆ ಬಗ್ಗಿದರು. ಕಾತ್ಯಾಯಿನಿ ಇಂಜಿನ್ ಆರಿಸಿರಲಿಲ್ಲ. ಅಣ್ಣ ಮತ್ತೆ ಎಡಗಡೆ ಹತ್ತಿ ಬಾಗಿಲು ಹಾಕಿಕೊಂಡದ್ದನ್ನು, ಅತ್ತಿಗೆ ತಟ್ಟೆ ಯಾರದೋ ಕೈಗೆ ಕೊಟ್ಟು ಹಿಂದಿನ ಸೀಟಿಗೆ ಹತ್ತಿದ್ದನ್ನು ನೋಡಿಕೊಂಡು, ಗೇರಿಗೆ ಕೈ ಹಾಕಿದರು.

"ಸಾರ್, ನಿಮ್ಮ ಲಾರಿ ಸ್ವಲ್ಪ ಪಕ್ಕಕ್ಕೆ ತಗೊಳ್ಳಿ. ನಾವು ರಿವರ್ಸ್ ಬರ್ಬೇಕು."